ಮಾತ್ರೆ ಬರೆಯುವ ಮೊದಲು ನನ್ನ ತಲೆನೋವಿನ ಬಗ್ಗೆ ಕೇಳಿದ ಕ್ಲಿನಿಕ್

ಗರ್ಭನಿರೋಧಕ ಮಾತ್ರೆಗಳ ವಿಮರ್ಶೆ ಹುಡುಕಿದರೆ ಎರಡೇ ಬಗೆಯ ಮಾತು ಸಿಗುತ್ತವೆ. "ನನಗೆ ಏನೂ ತೊಂದರೆ ಆಗಲಿಲ್ಲ, ಧೈರ್ಯವಾಗಿ ತಗೊಳ್ಳಿ." ಇಲ್ಲವೇ "ಇದರ ಸಹವಾಸವೇ ಬೇಡ." ಎರಡೂ ಓದುವವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಒಬ್ಬಳಿಗೆ ವರ್ಷಗಟ್ಟಲೆ ಹೊಂದಿಕೊಂಡು ಹೋಗುವ ಮಾತ್ರೆಯೇ ಇನ್ನೊಬ್ಬಳಿಗೆ ಅಪಾಯ ತರಬಹುದು. ಯಾರಿಗೆ ಯಾವುದು ಎಂದು ಗೊತ್ತಾಗುವುದು ಮಾತ್ರೆ ಬರೆದುಕೊಡುವವರು ಸರಿಯಾದ ಪ್ರಶ್ನೆ ಕೇಳಿದಾಗ ಮಾತ್ರ. ಅದಕ್ಕೇ ನಾನು ಇಲ್ಲಿ ಮುಖ್ಯವಾಗಿ ಬರೆಯುತ್ತಿರುವುದು ನಾನು ಹೋದ ಕುಟುಂಬ ಯೋಜನೆ ಕ್ಲಿನಿಕ್ಕಿನ ಬಗ್ಗೆ. ನಾನು ತೆಗೆದುಕೊಂಡ ಎರಡು ಬಗೆಯ ಮಾತ್ರೆಗಳ ಮಾತೂ ಅದರ ಜೊತೆಗೇ ಬರುತ್ತದೆ.

ಮೊದಲು ನಾನು ತೆಗೆದುಕೊಳ್ಳುತ್ತಿದ್ದದ್ದು ಮಿಶ್ರ ಮಾತ್ರೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಹಾರ್ಮೋನ್ ಇರುವಂಥದ್ದು. ಎಥಿನೈಲ್ ಈಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜನ್ 30 ಮೈಕ್ರೊಗ್ರಾಂ, ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ 150 ಮೈಕ್ರೊಗ್ರಾಂ. 21 ದಿನ ಮಾತ್ರೆ, 7 ದಿನ ಬಿಡುವು. ಅದನ್ನು ಬರೆದುಕೊಟ್ಟ ಡಾಕ್ಟರ್ ಮುಟ್ಟು ಸರಿಯಾಗಿ ಆಗುತ್ತಿದೆಯಾ ಎಂದಷ್ಟೇ ಕೇಳಿದ್ದರು. ಬಿ.ಪಿ. ನೋಡಲಿಲ್ಲ. ಆಮೇಲೆ ಮೆಡಿಕಲ್ ಶಾಪಿನವರು ಖಾಲಿ ಸ್ಟ್ರಿಪ್ ನೋಡಿ ಹೊಸದನ್ನು ಕೊಡುತ್ತಾ ಹೋದರು. ಮಾತ್ರೆಯ ಬಗ್ಗೆ ನನಗೇನೂ ದೂರಿರಲಿಲ್ಲ. ಮುಟ್ಟಿನ ಹೊಟ್ಟೆನೋವು ತುಂಬಾ ಕಡಿಮೆಯಾಗಿತ್ತು. ಯಾವ ದಿನ ಮುಟ್ಟಾಗುತ್ತದೆ ಎಂದು ಮೊದಲೇ ಗೊತ್ತಿರುತ್ತಿತ್ತು.

ಒಂದು ಸಲ ಮಾತ್ರ ಅಂಗಡಿಯಲ್ಲಿ ನನ್ನ ಕಂಪನಿಯದು ಇರಲಿಲ್ಲ. "ಇದೂ ಅದೇ ಮೇಡಂ, ಬೇರೆ ಕಂಪನಿ ಅಷ್ಟೇ" ಎಂದು ಇನ್ನೊಂದು ಪೆಟ್ಟಿಗೆ ಕೊಟ್ಟರು. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಸಣ್ಣ ಅಕ್ಷರವನ್ನೂ ಬಿಡದೆ ಓದುವ ಅಭ್ಯಾಸ ಇದೆ. ಅದರಲ್ಲಿ ಲೆವೊನಾರ್ಜೆಸ್ಟ್ರೆಲ್ ಬದಲು ಸೈಪ್ರೊಟೆರೋನ್ ಅಸಿಟೇಟ್ 2 ಮಿಲಿಗ್ರಾಂ ಎಂದಿತ್ತು. ಅದೇ ಅಲ್ಲವೇ ಅಲ್ಲ. ಸೈಪ್ರೊಟೆರೋನ್ ಇರುವ ಮಾತ್ರೆ ಕೊಡುವುದು ಜೋರಾದ ಮೊಡವೆಗೆ, ಮುಖದ ಮೇಲೆ ಕೂದಲು ಹೆಚ್ಚು ಬೆಳೆಯುವುದಕ್ಕೆ. ಅದು ಗರ್ಭವನ್ನೂ ತಡೆಯುತ್ತದೆ, ಆದರೆ ಬರೀ ಅದಕ್ಕೋಸ್ಕರ ಕೊಡುವ ಮಾತ್ರೆ ಅಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವೂ ನನ್ನ ಮಾತ್ರೆಗಿಂತ ಅದರಲ್ಲಿ ಜಾಸ್ತಿ. ವಾಪಸ್ ಕೊಟ್ಟು ಬಂದೆ. ದಯವಿಟ್ಟು ಪೆಟ್ಟಿಗೆಯ ಬಣ್ಣ, ಕಂಪನಿಯ ಹೆಸರು ನೋಡಿ ತೆಗೆದುಕೊಳ್ಳಬೇಡಿ. ಒಳಗಿನ ಎರಡು ಹಾರ್ಮೋನುಗಳ ಹೆಸರನ್ನೂ ಪ್ರಮಾಣವನ್ನೂ ಬರೆದಿಟ್ಟುಕೊಳ್ಳಿ.

ಆ ಘಟನೆಯ ನಂತರ, ಯಾರಾದರೂ ಒಬ್ಬರು ಕೂತು ಸರಿಯಾಗಿ ನೋಡಲಿ ಎಂದು ಈ ಕ್ಲಿನಿಕ್ಕಿಗೆ ಹೋದೆ.

ಮೊದಲು ನರ್ಸ್ ಬಿ.ಪಿ. ನೋಡಿದರು. ಬಂದ ಕೂಡಲೇ ಪಟ್ಟಿ ಸುತ್ತಲಿಲ್ಲ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರು. ಆಮೇಲೆ ಇನ್ನೊಂದು ಸಲ ನೋಡಿ ಬರೆದುಕೊಂಡರು. ಮಿಶ್ರ ಮಾತ್ರೆ ಶುರು ಮಾಡುವ ಮೊದಲು ತಪ್ಪದೇ ಆಗಬೇಕಾದ ಪರೀಕ್ಷೆ ಇದೊಂದೇ. 140/90 ದಾಟಿದ್ದರೆ ಸಾಮಾನ್ಯವಾಗಿ ಮಿಶ್ರ ಮಾತ್ರೆ ಕೊಡುವುದಿಲ್ಲ. 160/100 ಇದ್ದರೆ ಕೊಡಲೇಬಾರದು. ನನ್ನದು ಸರಿಯಾಗಿತ್ತು. ಒಳಗಿನ ಪರೀಕ್ಷೆ, ಸ್ಕ್ಯಾನ್, ರಕ್ತ ಪರೀಕ್ಷೆ ಏನನ್ನೂ ಹೇಳಲಿಲ್ಲ. ತೊಂದರೆ ಏನೂ ಇಲ್ಲದವರಿಗೆ ಮಾತ್ರೆ ಬರೆಯಲು ಅವು ಬೇಕಾಗಿಲ್ಲ. ಒಳಗಿನ ಪರೀಕ್ಷೆ ಮಾಡುತ್ತಾರೆ ಎಂಬ ಹೆದರಿಕೆಗೇ ಡಾಕ್ಟರ ಹತ್ತಿರ ಹೋಗದೆ ಅಂಗಡಿಯಿಂದ ತರಿಸಿಕೊಳ್ಳುವವರು ನನಗೆ ಗೊತ್ತು. ಅವರಿಗಾಗಿಯೇ ಇದನ್ನು ಬರೆದೆ.

ಆಮೇಲೆ ಡಾಕ್ಟರ್ ಕರೆದರು. ವಯಸ್ಸು, ತೂಕ, ಸಿಗರೇಟ್ ಸೇದುತ್ತೀರಾ, ಹೆರಿಗೆ ಯಾವಾಗ ಆಯಿತು, ಮಗುವಿಗೆ ಎದೆಹಾಲು ಕೊಡುತ್ತಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ, ಕಾಮಾಲೆ ಅಥವಾ ಲಿವರ್ ತೊಂದರೆ ಆಗಿತ್ತಾ, ಎದೆಯಲ್ಲಿ ಗಂಟು ಏನಾದರೂ ಇದೆಯಾ, ಮುಟ್ಟು ಇಲ್ಲದ ಸಮಯದಲ್ಲಿ ರಕ್ತ ಹೋಗುತ್ತದಾ. ನಿಮಗಾಗಲಿ, ಅಪ್ಪ ಅಮ್ಮ ಒಡಹುಟ್ಟಿದವರಿಗಾಗಲಿ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ. ಆಪರೇಷನ್ ಏನಾದರೂ ಇದೆಯಾ. ಒಂದೊಂದನ್ನೂ ಯಾಕೆ ಕೇಳುತ್ತಿದ್ದಾರೆ ಎಂದು ಜೊತೆಗೇ ಹೇಳಿದರು. ಸಿಗರೇಟಿನ ವಿಷಯವನ್ನೇ ತೆಗೆದುಕೊಳ್ಳಿ. 35 ದಾಟಿ, ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸೇದುವವರಿಗೆ ಮಿಶ್ರ ಮಾತ್ರೆ ಕೊಡಲೇಬಾರದು. ಹೃದಯಾಘಾತದ ಅಪಾಯ ಏರುತ್ತದೆ. ಹೆರಿಗೆಯಾಗಿ 6 ವಾರ ಆಗದ, ಹಾಲು ಕೊಡುತ್ತಿರುವ ಬಾಣಂತಿಯರಿಗೂ ಕೊಡಬಾರದು. ಬಾಣಂತನದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮೊದಲೇ ಜಾಸ್ತಿ ಇರುತ್ತದೆ.

ಇಷ್ಟೆಲ್ಲಾ ಆದ ಮೇಲೆ ಬಂತು ತಲೆನೋವಿನ ಪ್ರಶ್ನೆ.

"ತಲೆನೋವು ಬರುತ್ತದಾ?" ಎಂದರು. ಆಗೊಮ್ಮೆ ಈಗೊಮ್ಮೆ ಬರುತ್ತದೆ ಎಂದೆ. ಇಲ್ಲಿಗೇ ನಿಲ್ಲಿಸಿದ್ದರೆ ಹಳೆಯ ಮಾತ್ರೆಯನ್ನೇ ಮತ್ತೆ ಬರೆದು ಕಳಿಸುತ್ತಿದ್ದರು. ಅವರು ಬಿಡಲಿಲ್ಲ. "ನೋವು ಶುರುವಾಗುವ ಮುಂಚೆ ಕಣ್ಣಿಗೆ ಏನಾದರೂ ಕಾಣುತ್ತದಾ? ಮಿನುಗುವ ಗೆರೆ, ಚುಕ್ಕಿ, ಅಕ್ಷರದ ಮಧ್ಯೆ ಖಾಲಿ ಜಾಗ? ಕೈ, ಮುಖ ಜೋಮು ಹಿಡಿಯುತ್ತದಾ? ಮಾತು ತೊದಲುತ್ತದಾ?" ಎಂದು ಬಿಡಿಸಿ ಕೇಳಿದರು. ಆಗ ಹೇಳಿದೆ. ಕೆಲವು ಸಲ ಕಣ್ಣಿನ ಒಂದು ಬದಿಯಲ್ಲಿ ಗರಗಸದ ಹಲ್ಲಿನಂಥ ಗೆರೆಯೊಂದು ಮಿನುಗಲು ಶುರುವಾಗುತ್ತದೆ. ನಿಧಾನವಾಗಿ ಅಗಲವಾಗುತ್ತದೆ. ಆಗ ಪರದೆಯ ಮೇಲಿನ ಅಂಕಿಗಳಲ್ಲಿ ಅರ್ಧ ಕಾಣುವುದಿಲ್ಲ. ಒಂದು ಗಂಟೆಯೊಳಗೆ ಅದು ಹೋಗುತ್ತದೆ, ಆಮೇಲೆ ತಲೆನೋವು ಬರುತ್ತದೆ. ದಿನವಿಡೀ ಕಂಪ್ಯೂಟರ್ ನೋಡುವ ಕೆಲಸ, ಕಣ್ಣಿಗೆ ದಣಿವು ಎಂದು ಎಲ್ಲರೂ ಹೇಳುತ್ತಿದ್ದರು.

ಅವರು ಒಂದು ಹಾಳೆ ಕೊಟ್ಟು ಆ ಗೆರೆ ಬರೆದು ತೋರಿಸಿ ಎಂದರು. ಬರೆದೆ. ನೋಡಿ, "ಇದನ್ನು ಔರಾ ಅಂತೀವಿ. ನಿಮಗಿರುವುದು ಔರಾ ಇರುವ ಮೈಗ್ರೇನ್. ಈಸ್ಟ್ರೋಜನ್ ಇರುವ ಮಾತ್ರೆ ಇವತ್ತಿನಿಂದಲೇ ಬೇಡ" ಎಂದರು.

ಕಾರಣವನ್ನು ಅವರು ಹೇಳಿದ ರೀತಿ ನನಗೆ ತುಂಬಾ ಹಿಡಿಸಿತು. ಔರಾ ಇರುವ ಮೈಗ್ರೇನ್ ಇದ್ದವರಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಗುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಈಸ್ಟ್ರೋಜನ್ ನಮ್ಮ ಲಿವರ್ ತಯಾರಿಸುವ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಎರಡೂ ಸೇರಿದರೆ ಅಪಾಯ ಇನ್ನಷ್ಟು ಏರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಪಾರ್ಶ್ವವಾಯು ಅಪರೂಪ, ಹಾಗಾಗಿ ನಿಮಗೆ ಆಗಿಯೇ ಆಗುತ್ತದೆ ಎಂದಲ್ಲ, ಹೆದರಬೇಡಿ ಎಂದರು. ಆದರೆ ಒಮ್ಮೆ ಆಯಿತೆಂದರೆ ಅದು ಜೀವನಪೂರ್ತಿ ಉಳಿಯುವ ನಷ್ಟ, ಈಸ್ಟ್ರೋಜನ್ ಇಲ್ಲದ ಬೇರೆ ಮಾತ್ರೆ ಇರುವಾಗ ಯಾಕೆ ಬೇಕು ಎಂದು ಕೇಳಿದರು. ಮೇಜಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ದುಂಡನೆಯ ಕಾರ್ಡ್ ಇತ್ತು. ತಿರುಗಿಸಿದರೆ ಒಂದೊಂದು ಕಾಯಿಲೆಗೂ ಯಾವ ವಿಧಾನ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕಾಣುತ್ತದೆ. 1ರಿಂದ 4ರ ತನಕ ದರ್ಜೆ. 1 ಎಂದರೆ ಯಾವ ಅಡ್ಡಿಯೂ ಇಲ್ಲ. 2 ಎಂದರೆ ಲಾಭವೇ ಹೆಚ್ಚು. 3 ಎಂದರೆ ಸಾಮಾನ್ಯವಾಗಿ ಬೇಡ. 4 ಎಂದರೆ ಕೊಡಲೇಬಾರದು. ಔರಾ ಇರುವ ಮೈಗ್ರೇನಿಗೆ ಮಿಶ್ರ ಮಾತ್ರೆ, ವಯಸ್ಸು ಎಷ್ಟೇ ಇರಲಿ, 4. ಕಾರ್ಡನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಡಾಕ್ಟರ್ ಹೇಳಿದರು ಎಂದು ಒಪ್ಪುವುದಕ್ಕೂ, ಕಾರಣ ಕಣ್ಣಾರೆ ನೋಡಿ ಒಪ್ಪುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಅಂಕಿಗಳನ್ನು ಕೇಳಿದೆ. ಬೇಸರಪಡದೆ ಹೇಳಿದರು. ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಿಶ್ರ ಮಾತ್ರೆ ತೆಗೆದುಕೊಳ್ಳುವವರಲ್ಲಿ 5ರಿಂದ 7. ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಅಥವಾ ಡ್ರೊಸ್ಪಿರೆನೋನ್ ಎಂಬ ಬೇರೆ ಪ್ರೊಜೆಸ್ಟಿನ್ ಇರುವ ಮಿಶ್ರ ಮಾತ್ರೆಯಲ್ಲಿ 9ರಿಂದ 12. ಗರ್ಭಿಣಿಯಾದರೆ ಇದಕ್ಕಿಂತಲೂ ಹೆಚ್ಚಾಗಬಹುದು. ಹೆರಿಗೆಯ ನಂತರದ ವಾರಗಳಲ್ಲಿ ಇನ್ನೂ ಎಷ್ಟೋ ಜಾಸ್ತಿ. ಮಾತ್ರೆಯ ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ ಅಪಾಯ ಹೆಚ್ಚು. 4 ವಾರ ಅಥವಾ ಅದಕ್ಕಿಂತ ಜಾಸ್ತಿ ಬಿಟ್ಟು ಮತ್ತೆ ಶುರು ಮಾಡಿದರೂ ಹಾಗೆಯೇ. ಆಗಾಗ "ದೇಹಕ್ಕೆ ರೆಸ್ಟ್ ಕೊಡೋಣ" ಎಂದು ನಿಲ್ಲಿಸಿ ಶುರು ಮಾಡುವುದರಿಂದ ಒಳ್ಳೆಯದಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ.

"ಅಪಾಯ ಎರಡರಷ್ಟು" ಎಂದಷ್ಟೇ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. 1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಇರುವ ಮಿಶ್ರ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸುದ್ದಿ ಓದಿ ಎಷ್ಟೋ ಹೆಂಗಸರು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದರು. ಬೇಡದ ಗರ್ಭಗಳೂ ಗರ್ಭಪಾತಗಳೂ ಏರಿದವು. ಎಚ್ಚರಿಕೆ ಸುಳ್ಳಾಗಿರಲಿಲ್ಲ. ಎಷ್ಟಕ್ಕೆ ಎರಡರಷ್ಟು ಎಂಬುದು ಅವರಿಗೆ ಮುಟ್ಟಲಿಲ್ಲ ಅಷ್ಟೇ. ಇನ್ನೊಂದು ತುದಿಯ ಕಥೆ ಇನ್ನೂ ಹಳೆಯದು. ಅಮೆರಿಕದಲ್ಲಿ 1960ರಲ್ಲಿ ಒಪ್ಪಿಗೆ ಸಿಕ್ಕ ಮೊದಲ ಮಾತ್ರೆಯಲ್ಲಿ ಈಸ್ಟ್ರೋಜನ್ 150 ಮೈಕ್ರೊಗ್ರಾಂ ಇತ್ತು. ಮರುವರ್ಷವೇ ರಕ್ತ ಹೆಪ್ಪುಗಟ್ಟಿದ ವರದಿ ಬಂತು. ಆದರೂ ನುಂಗುವವರ ಕೈಗೆ ಅಪಾಯ ತಿಳಿಸುವ ಹಾಳೆ ಬರಲು 1970ರ ಸೆನೆಟ್ ವಿಚಾರಣೆಯೇ ಆಗಬೇಕಾಯಿತು. ಆ ವಿಚಾರಣೆಗೆ ಮಾತ್ರೆ ತೆಗೆದುಕೊಂಡ ಒಬ್ಬ ಹೆಂಗಸನ್ನೂ ಸಾಕ್ಷಿ ಹೇಳಲು ಕರೆದಿರಲಿಲ್ಲ. ಹೆಂಗಸರೇ ಸಭೆಯಲ್ಲಿ ಎದ್ದು ನಿಂತು ಕೇಳಿದರು. ಈಗ ಪೆಟ್ಟಿಗೆಯೊಳಗೆ ಮಡಚಿಟ್ಟ ಹಾಳೆಯನ್ನು ನಾವು ಸುಮ್ನೆ ಬಿಸಾಕುತ್ತೇವೆ. ಬಿಸಾಕಬೇಡಿ.

ನನಗೆ ಅವರು ಎರಡು ದಾರಿ ಹೇಳಿದರು. ಒಂದು ಕಾಪರ್-ಟಿ. ಅದರಲ್ಲಿ ಹಾರ್ಮೋನೇ ಇಲ್ಲ, ಮೈಗ್ರೇನಿಗೆ ದರ್ಜೆ 1. ಆದರೆ ಮುಟ್ಟಿನ ರಕ್ತಸ್ರಾವ, ನೋವು ಹೆಚ್ಚಾಗಬಹುದು. ನನಗೆ ಅವೆರಡೂ ಮೊದಲೇ ಜೋರು. ಇನ್ನೊಂದು ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆ, ಡೆಸೊಜೆಸ್ಟ್ರೆಲ್ 75 ಮೈಕ್ರೊಗ್ರಾಂ. ಆ ಕಾರ್ಡಿನಲ್ಲಿ ಶುರು ಮಾಡುವುದಕ್ಕೆ ದರ್ಜೆ 2. ಮಿಶ್ರ ಮಾತ್ರೆಯಲ್ಲಿ ಅಪಾಯ ಜಾಸ್ತಿ ಎಂದ ಡೆಸೊಜೆಸ್ಟ್ರೆಲ್ಲೇ ಯಾಕೆ ಎಂದು ತಕ್ಷಣ ಕೇಳಿದೆ. ಈಸ್ಟ್ರೋಜನ್ ಜೊತೆ ಸೇರಿದಾಗಿನ ಲೆಕ್ಕ ಅದು, ಒಂಟಿಯಾಗಿ ಕೊಟ್ಟಾಗ ಆ ತೊಂದರೆ ಕಂಡುಬಂದಿಲ್ಲ ಎಂದರು. ಔರಾ ಮೊದಲಿಗಿಂತ ಹೆಚ್ಚಾದರೆ, ಬೇರೆ ಥರ ಆದರೆ ಮುಂದಿನ ತಾರೀಖಿಗೆ ಕಾಯದೆ ಬನ್ನಿ ಎಂದೂ ಹೇಳಿದರು. ಹಳೆಯ ಸ್ಟ್ರಿಪ್ ಅಲ್ಲಿಗೇ ನಿಲ್ಲಿಸಿ ಮರುದಿನದಿಂದ ಹೊಸದನ್ನು ಶುರು ಮಾಡಿದೆ.

ಈಗ ಈ ಮಾತ್ರೆಯ ಮಾತು. 28ರ ಸ್ಟ್ರಿಪ್, ಬಿಡುವೇ ಇಲ್ಲ. ಮುಗಿದ ಮರುದಿನ ಮುಂದಿನದು. ಲೆಕ್ಕ ಇಡುವ ತಲೆಬಿಸಿ ಇಲ್ಲ, ಅದು ನನಗೆ ಇಷ್ಟ. ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. 12 ಗಂಟೆಯೊಳಗೆ ತಡವಾದರೆ ತೊಂದರೆ ಇಲ್ಲ. ಅದನ್ನು ದಾಟಿದರೆ ನೆನಪಾದ ತಕ್ಷಣ ನುಂಗಿ, 7 ದಿನ ಕಾಂಡೋಮ್ ಬಳಸಿ ಎಂದು ನನ್ನ ಪೆಟ್ಟಿಗೆಯ ಹಾಳೆಯಲ್ಲಿದೆ. ನಾರೆಥಿಸ್ಟೆರೋನ್ ಇರುವ ಹಳೆಯ ಬಗೆಯಲ್ಲಿ ಈ ಅವಕಾಶ ಬರೀ 3 ಗಂಟೆ. ನುಂಗಿದ 3–4 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ತೊಂದರೆ ಒಂದಿದೆ, ಮುಚ್ಚಿಡುವುದಿಲ್ಲ. ರಕ್ತಸ್ರಾವ ಯಾವಾಗ ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಚೂರು ಚೂರು ಕಲೆ ಕಾಣಿಸುತ್ತಲೇ ಇತ್ತು. ಈಗ ಕಡಿಮೆಯಾಗಿದೆ, ಆದರೆ ಪೂರ್ತಿ ನಿಂತಿಲ್ಲ. ಕೆಲವರಿಗೆ ಮುಟ್ಟೇ ನಿಂತುಹೋಗುತ್ತದಂತೆ, ಅದರಿಂದ ಕೆಟ್ಟದ್ದೇನೂ ಆಗುವುದಿಲ್ಲ. ಹಳೆಯ ಮಾತ್ರೆಯ ಅಚ್ಚುಕಟ್ಟು ಇದರಲ್ಲಿಲ್ಲ. ನನ್ನ ತಲೆಗೆ ಇದು ಸುರಕ್ಷಿತ ಎಂಬ ಒಂದೇ ಕಾರಣಕ್ಕೆ ನಾನು ಮುಂದುವರಿಸುತ್ತಿದ್ದೇನೆ. ಆ ಕಾರಣ ಸಾಕಷ್ಟು ದೊಡ್ಡದು.

ಬೇರೆ ಔಷಧಿಗಳ ಬಗ್ಗೆಯೂ ಕೇಳಿದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಇವು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ. ಮಿಶ್ರ ಮಾತ್ರೆಗೂ ಹಾಗೆ, ನನ್ನದಕ್ಕೂ ಹಾಗೆ. ಲ್ಯಾಮೋಟ್ರಿಜಿನ್ ವಿಷಯದಲ್ಲಿ ಉಲ್ಟಾ. ಮಿಶ್ರ ಮಾತ್ರೆಯೇ ಅದರ ಮಟ್ಟವನ್ನು ಇಳಿಸುತ್ತದೆ, ಫಿಟ್ಸ್ ಮತ್ತೆ ಬರಬಹುದು. ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಹೆದರಬೇಕಾಗಿಲ್ಲ, ವಾಂತಿ ಭೇದಿ ಆಗದಿದ್ದರೆ ಸಾಕು.

ನನ್ನ ಅನುಭವ ಓದಿ ಮಿಶ್ರ ಮಾತ್ರೆಯೇ ಕೆಟ್ಟದ್ದು ಎಂದುಕೊಳ್ಳಬೇಡಿ. ನನ್ನ ತಂಗಿಯನ್ನೂ ಅದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅದೇ ಪ್ರಶ್ನೆಗಳು, ಬೇರೆ ಉತ್ತರಗಳು. ಮೈಗ್ರೇನ್ ಇಲ್ಲ, ಬಿ.ಪಿ. ಸರಿ, ಸಿಗರೇಟ್ ಇಲ್ಲ, ಮನೆಯಲ್ಲಿ ಯಾರಿಗೂ ರಕ್ತ ಹೆಪ್ಪುಗಟ್ಟಿಲ್ಲ. ಮುಟ್ಟಿನಲ್ಲಿ ಮಾತ್ರ ಹಾಸಿಗೆ ಬಿಟ್ಟು ಏಳಲಾಗದಷ್ಟು ನೋವು. ಮೊಡವೆಗೂ ಒಳ್ಳೆಯದು ಎಂದು ಕೇಳಿ ಡ್ರೊಸ್ಪಿರೆನೋನ್ ಇರುವುದೇ ಬೇಕು ಎಂದಳು. ಡಾಕ್ಟರ್ ಬೈಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಮೊದಲು ಲೆವೊನಾರ್ಜೆಸ್ಟ್ರೆಲ್‌ದು ನೋಡೋಣಮ್ಮ. ಹೆಪ್ಪುಗಟ್ಟುವ ಸಾಧ್ಯತೆ ಅದರಲ್ಲಿ ಕಡಿಮೆ. ಹೊಂದಿಕೊಳ್ಳದಿದ್ದರೆ ಬದಲಾಯಿಸೋಣ" ಎಂದರು. ನಾನು ಮೊದಲು ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನೇ ಅವಳೀಗ ನೆಮ್ಮದಿಯಾಗಿ ತೆಗೆದುಕೊಳ್ಳುತ್ತಿದ್ದಾಳೆ. ಅವಳಿಗೆ ಕ್ಯಾನ್ಸರಿನ ಭಯವಿತ್ತು. ಅದಕ್ಕೂ ನೇರ ಉತ್ತರ ಸಿಕ್ಕಿತು. ಅಂಡಾಶಯದ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಮಿಶ್ರ ಮಾತ್ರೆಯಿಂದ ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೂ ಆ ಲಾಭ ವರ್ಷಗಟ್ಟಲೆ ಇರುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ತೆಗೆದುಕೊಳ್ಳುವಾಗ ಸ್ವಲ್ಪ ಏರಿ, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. 5 ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾಧ್ಯತೆಯೂ ತುಸು ಏರುತ್ತದೆ. ಹಾಗಾಗಿ ಅದರ ತಪಾಸಣೆ ಬಿಡಬೇಡಿ ಎಂದರು.

ಯಾವಾಗ ಓಡಿ ಬರಬೇಕು ಎಂದು ತಂಗಿಗೆ ಬಾಯಿಪಾಠ ಮಾಡಿಸಿದ ಹಾಗೆ ಹೇಳಿದರು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದರೆ ರಕ್ತ. ಹಿಂದೆಂದೂ ಬರದಂಥ ತಲೆನೋವು. ದೃಷ್ಟಿ ಮಸುಕು, ಮಾತು ತೊದಲು, ಕೈಕಾಲಿನ ಒಂದು ಬದಿ ಬಲ ಹೋಗುವುದು. ಜೋರಾದ ಹೊಟ್ಟೆನೋವು, ಕಾಮಾಲೆ. ಆಸ್ಪತ್ರೆಗೆ ಹೋದ ಕೂಡಲೇ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಬೇಕು. ನಾಚಿಕೆಯಿಂದ ಇದನ್ನು ಮುಚ್ಚಿಟ್ಟರೆ ಅಲ್ಲಿನವರು ಬೇರೆಲ್ಲೋ ಹುಡುಕುತ್ತಾ ಕೂರುತ್ತಾರೆ. ದೊಡ್ಡ ಆಪರೇಷನ್ ಇದ್ದರೂ ಮೊದಲೇ ತಿಳಿಸಬೇಕು.

ಕ್ಲಿನಿಕ್ಕಿನ ಕೊರತೆಗಳನ್ನೂ ಹೇಳುತ್ತೇನೆ. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಹೊರಗೆ ಸಾಲಾಗಿ ಜನ. ಸಿಗರೇಟ್ ಸೇದುತ್ತೀರಾ, ಗರ್ಭಪಾತ ಆಗಿತ್ತಾ ಎಂಬ ಪ್ರಶ್ನೆಗೆ ಹಾಗೆ ಯಾರು ನಿಜ ಹೇಳುತ್ತಾರೆ? ಸುಳ್ಳು ಉತ್ತರದ ಮೇಲೆ ಬರೆದ ಚೀಟಿ ಸುರಕ್ಷಿತವಲ್ಲ. ನಾನೇ ಎದ್ದು ಬಾಗಿಲು ಮುಚ್ಚಿದೆ. ನನ್ನ ಹಿಂದಿನವರು ಮುಚ್ಚುತ್ತಾರೋ ಇಲ್ಲವೋ. ಎರಡನೆಯದು, ಮಾತ್ರೆ ತಪ್ಪಿದರೆ ಏನು ಮಾಡಬೇಕು ಎಂದು ನಾವೇ ಕೇಳಬೇಕಾಯಿತು. ಒಂದು ದಿನವೂ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ 1,000 ಜನರಲ್ಲಿ ಸುಮಾರು 3 ಜನ ಗರ್ಭಿಣಿಯಾಗುತ್ತಾರೆ. ನಿತ್ಯದ ಬಳಕೆಯಲ್ಲಿ ಅದು 100ಕ್ಕೆ ಸುಮಾರು 7. ಇಷ್ಟು ದೊಡ್ಡ ವ್ಯತ್ಯಾಸ ತರುವ ವಿಷಯವನ್ನು ಕೇಳದೆಯೇ ಹೇಳಬೇಕಿತ್ತು. ಕೊಟ್ಟ ಹಾಳೆಯ ಅಕ್ಷರವೂ ತೀರಾ ಸಣ್ಣದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮತ್ತೆ ಹೋದಾಗ ಹಳೆಯ ಕಾಗದ ನೋಡಿ ಸುಮ್ಮನೆ ಮುಂದುವರಿಸಿ ಎನ್ನಲಿಲ್ಲ. ಬಿ.ಪಿ. ಇನ್ನೊಮ್ಮೆ ನೋಡಿದರು, ಪ್ರಶ್ನೆಗಳನ್ನೂ ಇನ್ನೊಮ್ಮೆ ಕೇಳಿದರು. ವಯಸ್ಸು ಏರುತ್ತದೆ, ಹೊಸ ಔಷಧಿ ಸೇರುತ್ತದೆ, ತಲೆನೋವಿನ ರೀತಿ ಬದಲಾಗುತ್ತದೆ ಎಂದರು. ಹೋಗುವವರು ಈಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್, ಬೇರೆ ಔಷಧಿಗಳ ಪಟ್ಟಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಎಂದು ಅಮ್ಮನನ್ನು ಕೇಳಿಕೊಂಡು ಹೋಗಿ. ಕಣ್ಣಿಗೆ ಗೆರೆ, ಚುಕ್ಕಿ ಏನಾದರೂ ಕಾಣಿಸುತ್ತಿದ್ದರೆ ಅವರು ಕೇಳುವ ತನಕ ಕಾಯದೆ ನೀವೇ ಹೇಳಿ.